ಕ್ರೈಸ್ತ ಶ್ರದ್ಧೆ ಮತ್ತು ಕನ್ನಡ ಸಂಸ್ಕೃತಿ

(ಹೈದರಾಬಾದಿನ ಕನ್ನಡಿಗರ ಸಭೆಯೊಂದರಲ್ಲಿ ಮಾಡಿದ ಭಾಷಣ)



1949ರಲ್ಲಿ ಕಲಬುರ್ಗಿಯಲ್ಲಿ ನಡೆದ ಕನ್ನಡ ಸಾಹಿತ್ಯ ಸಮ್ಮೇಳನದ ಅಧ್ಯಕ್ಷಪೀಠವನ್ನು ಅಲಂಕರಿಸಿದವರು ಒಬ್ಬ ಕ್ರೈಸ್ತ ಪಾದ್ರಿ, ರೆವರೆಂಡ್ ಉತ್ತಂಗಿ ಚನ್ನಪ್ಪನವರು. ಕಲಬುರ್ಗಿ ಆಗ ಹೈದರಾಬಾದ್ ರಾಜ್ಯದಲ್ಲಿಯೇ ಇತ್ತು. 1948ರ ಪೊಲೀಸ್ ಕಾರ್ಯಾಚರಣೆಯ ಮರುವರ್ಷವದು. ಮತದ ಹೆಸರಿನಲ್ಲಾದ ಗಾಯಗಳು ಇನ್ನೂ ಹಸಿಯಾಗಿದ್ದವು. ಅಂಥ ಹೊತ್ತಿನಲ್ಲಿ ಕನ್ನಡಿಗರು ಅಲ್ಪಸಂಖ್ಯಾತ ಮತದವರೊಬ್ಬರನ್ನು ತಮ್ಮ ನುಡಿಯ ಮುಂದಾಳಾಗಿ ಆರಿಸಿಕೊಂಡರೆಂಬುದನ್ನು ಈ ನಗರದಲ್ಲಿ ನೆಲೆಸಿರುವ ನಾವು ಮರೆಯಲಾಗದು.

ಇದನ್ನು ನೆನೆಯಲು ಕಾರಣವಿದೆ. ಕ್ರೈಸ್ತನಾದವನು ಪೂರ್ಣ ಕನ್ನಡಿಗನಾಗಿ ಉಳಿಯಬಲ್ಲನೆ ಎಂಬ ಶಂಕೆ ಎರಡು ಕಡೆಗಳಿಂದಲೂ ಬರುತ್ತದೆ. ಹೊರಗಿನ ಕೆಲವರು ಅವನ ಮತ ಪರದೇಶದ್ದು ಎನ್ನುತ್ತಾರೆ. ಒಳಗಿನ ಕೆಲವರು ನೆಲದ ಹಾಡು, ಹಬ್ಬ, ಹೆಸರುಗಳೆಲ್ಲವೂ ಬಿಟ್ಟುಬಂದ ಬಾಳಿನ ಕೊಳೆ ಎನ್ನುತ್ತಾರೆ.

ಈ ಬಿರುಕಿಗೆ ಚರಿತ್ರೆಯ ಹಿನ್ನೆಲೆಯಿದೆ. ಬಾಸೆಲ್ ಮಿಷನ್ 1834ರಲ್ಲಿ ಮಂಗಳೂರಿನಲ್ಲಿ ಕಾರ್ಯಾರಂಭ ಮಾಡಿತು. ಕ್ರೈಸ್ತನಾದವನು ಜಾತಿಯೊಡನೆ ಎಷ್ಟೋ ಸಲ ಕಸುಬನ್ನೂ ಆಸರೆಯನ್ನೂ ಕಳೆದುಕೊಳ್ಳುತ್ತಿದ್ದನು. ಮಿಷನ್ನಿನವರು ನೇಯ್ಗೆಯನ್ನು ಕಲಿಸಿದ್ದಕ್ಕೂ 1865ರಲ್ಲಿ ಹೆಂಚಿನ ಕಾರ್ಖಾನೆಯನ್ನು ತೆರೆದುದಕ್ಕೂ ಇದು ಒಂದು ಕಾರಣ. ಅನ್ನವೇನೋ ದೊರೆಯಿತು, ಆದರೆ ಮಿಷನ್ ಕಾಂಪೌಂಡಿನೊಳಗಿನ ಬದುಕು ನೆರೆಹೊರೆಯಿಂದ ಬೇರೆಯಾಯಿತು. ಆ ಗೋಡೆಯನ್ನು ದಾಟಿದ್ದು ಭಾಷೆ. ಮೋಗ್ಲಿಂಗರು 1843ರಲ್ಲಿ 'ಮಂಗಳೂರ ಸಮಾಚಾರ'ವನ್ನು ಹೊರಡಿಸಿದರು. ಕಿಟೆಲರು 1862ರ 'ಕಥಾಮಾಲೆ'ಯಲ್ಲಿ ಕ್ರಿಸ್ತನ ಚರಿತೆಯನ್ನು ಇಲ್ಲಿನ ಛಂದಸ್ಸಿಗೆ ಹೊಂದಿಸಿದರು. 1894ರಲ್ಲಿ ಅವರ ನಿಘಂಟು ಪ್ರಕಟವಾಯಿತು.

ಅದೇ ಮಿಷನ್ನಿನ ಪಾದ್ರಿಯಾಗಿದ್ದ ಉತ್ತಂಗಿಯವರು (1881–1962) ಇನ್ನೂ ಮುಂದೆ ಹೋದರು. ಚದುರಿಹೋಗಿದ್ದ ತ್ರಿಪದಿಗಳನ್ನು ಕಲೆಹಾಕಿ 1924ರಲ್ಲಿ ಸರ್ವಜ್ಞನ ವಚನಗಳನ್ನು ಪ್ರಕಟಿಸಿದರು. ಅನುಭವ ಮಂಟಪ ಬರಿಯ ಕಲ್ಪನೆಯೆಂಬ ವಾದ ಎದ್ದಾಗ ಅದರ ಐತಿಹಾಸಿಕತೆಯನ್ನು ಸಮರ್ಥಿಸಿ ಗ್ರಂಥ ಬರೆದರು. ಇದಕ್ಕಾಗಿ ಅವರು ಕ್ರಿಸ್ತನನ್ನು ಬಿಡಲೂ ಇಲ್ಲ, ಮರೆಮಾಚಲೂ ಇಲ್ಲ.

ಇಲ್ಲೊಂದು ಸೂಕ್ಷ್ಮವಿದೆ. ಅವರು ಸುತ್ತಲ ಸಂಸ್ಕೃತಿಯನ್ನು ಇಡಿಯಾಗಿ ಒಪ್ಪಿಕೊಂಡವರಲ್ಲ. ಅವರ ಒಲವು ಹರಿದದ್ದು ಕುಲದ ಹೆಮ್ಮೆಯನ್ನು ಪ್ರಶ್ನಿಸಿದ ಸರ್ವಜ್ಞನತ್ತ, ಶರಣರತ್ತ. ದೀಪ, ರಂಗವಲ್ಲಿ, ಭಜನೆಗಳನ್ನು ಚರ್ಚಿನೊಳಗೆ ತರುವುದು ಸುಲಭ. ಅವುಗಳ ಬೆನ್ನಿಗೇ ಜಾತಿಯೂ ಒಳಗೆ ಬಂದರೆ ಮಾಡುವುದೇನು? ಮದುವೆಯ ಮಾತುಕತೆಯಲ್ಲಿ ಪೂರ್ವಿಕರ ಜಾತಿಯನ್ನು ವಿಚಾರಿಸುವ ಕ್ರೈಸ್ತ ಮನೆಗಳು ಇಂದಿಗೂ ಇವೆ. ಆದ್ದರಿಂದ ನಾಡಿನ ಸಂಸ್ಕೃತಿಯಲ್ಲಿ ಬಾಳುವವನು ಅದರಲ್ಲಿ ಯಾವುದನ್ನು ಉಳಿಸಿಕೊಳ್ಳಬೇಕು, ಯಾವುದನ್ನು ತೊರೆಯಬೇಕು ಎಂಬ ವಿವೇಕವನ್ನೂ ಪಡೆಯಬೇಕಾಗುತ್ತದೆ.

ಇನ್ನು ಪೂಜೆಯ ನುಡಿಯ ಮಾತು. ಬೆಂಗಳೂರಿನ ಕ್ಯಾಥೊಲಿಕ್ ಚರ್ಚುಗಳಲ್ಲಿ ಕನ್ನಡಕ್ಕೆ ನ್ಯಾಯವಾದ ಸ್ಥಾನ ಬೇಕೆಂಬ ಹೋರಾಟ ದಶಕಗಳ ಕಾಲ ನಡೆಯಿತು. ಆ ಬೇಡಿಕೆಯನ್ನು ಒಪ್ಪುವ ನಾವು ಹೈದರಾಬಾದಿನಲ್ಲಿ ಅದೇ ತಕ್ಕಡಿಯ ಇನ್ನೊಂದು ತಟ್ಟೆಯಲ್ಲಿದ್ದೇವೆ. ಅಲ್ಲಿ ನೆಲದ ನುಡಿಗೆ ಸಲ್ಲಬೇಕಾದ ಗೌರವ ಇಲ್ಲಿ ತೆಲುಗಿಗೆ ಸಲ್ಲಬೇಕು. ಅಲ್ಲಿಯ ತಮಿಳು ಕ್ರೈಸ್ತನು ತಾಯ್ನುಡಿಯಲ್ಲಿ ಪ್ರಾರ್ಥಿಸಬಯಸಿದುದರ ಅರ್ಥ ನಮಗೆ ಇಲ್ಲಿ ಆಗಬೇಕು. ತೆಲುಗು ಆರಾಧನೆಯಲ್ಲಿ ಮನಸಾರೆ ಸೇರುವುದೂ ಮನೆಯ ಪ್ರಾರ್ಥನೆಯನ್ನು ಕನ್ನಡದಲ್ಲಿ ಉಳಿಸಿಕೊಳ್ಳುವುದೂ ಒಂದಕ್ಕೊಂದು ವಿರೋಧಿಯಲ್ಲ. ಆದರೆ ಮಕ್ಕಳಿಗೆ ಕನ್ನಡದ ಬೈಬಲನ್ನು ಓದಲು ಬಾರದಿದ್ದರೆ ಆ ಹೊಣೆಯನ್ನು ಚರ್ಚಿನ ಮೇಲೆ ಹೊರಿಸಲಾಗದು, ಅದು ತಾಯಿತಂದೆಯರದೇ.

ಸಂಘಗಳಲ್ಲಿಯೂ ನನ್ನದೊಂದು ಬಿನ್ನಹ. ಕನ್ನಡಿಗರೆಲ್ಲರ ಹೆಸರಿನಲ್ಲಿ ನಡೆಯುವ ರಾಜ್ಯೋತ್ಸವ ಒಂದೇ ಮತದ ಪೂಜೆಯಿಂದ ಆರಂಭವಾದಾಗ, ಹಿಂದಿನ ಸಾಲಿನಲ್ಲಿ ಕೈಕಟ್ಟಿ ನಿಲ್ಲುವ ಕ್ರೈಸ್ತ, ಮುಸ್ಲಿಂ ಬಂಧುಗಳ ಮುಖವನ್ನು ಒಮ್ಮೆ ನೋಡಿ. ಪೂಜೆ ಬೇಡವೆಂದು ನಾನು ಹೇಳುತ್ತಿಲ್ಲ. ನಾಡಗೀತೆ ಮೊದಲಾಗಲಿ, ಅದರಲ್ಲಿ ಎಲ್ಲರ ಕಂಠವೂ ಕೂಡುತ್ತದೆ. ಕ್ರೈಸ್ತರೂ ಕ್ರಿಸ್ಮಸ್ಸಿನ ಒಂದು ಸಂಜೆ ಸಂಘದ ಬಂಧುಗಳನ್ನು ಮನೆಗೆ ಕರೆದು ಕನ್ನಡದಲ್ಲಿ ಹಾಡಲಿ. ನಮ್ಮ ಪುಸ್ತಕಭಂಡಾರಗಳಲ್ಲಿ ಉತ್ತಂಗಿಯವರ ಸರ್ವಜ್ಞ ಇರಲಿ. ಅದನ್ನು ಕೂಡಿಸಿದವರು ಯಾರೆಂದು ಮಕ್ಕಳಿಗೆ ಹೇಳುವ ಕೆಲಸ ಹಿರಿಯರದಾಗಲಿ.