ಅಕ್ಕನ ಕೂಲಿಗೆ ಎಷ್ಟು ಪಾಲುದಾರರು?



ಹೆಣ್ಣು ಮೈ ಮಾರೋದೇ ಅಪರಾಧ ಅಂತ ನಾವು ತಿಳಿದಿದ್ದೇವೆ. ಅಲ್ಲ. ೧೯೫೬ರ ಕಾಯಿದೆ ಅದನ್ನು ಬಿಟ್ಟು ಸುತ್ತಲಿನದನ್ನೆಲ್ಲ ಹಿಡಿಯುತ್ತದೆ. ರಸ್ತೆಯಲ್ಲಿ ನಿಂತು ಗಿರಾಕಿಯನ್ನು ಕರೆದರೆ ಆರು ತಿಂಗಳವರೆಗೆ ಜೈಲು. ಇಬ್ಬರು ಹೆಂಗಸರು ಕೂಡಿ ಮನೆ ಮಾಡಿ ದಂಧೆ ನಡೆಸಿದರೆ ಅದು ವೇಶ್ಯಾಗೃಹ. ಗೊತ್ತಿದ್ದೂ ಅವಳ ದುಡಿಮೆ ಉಂಡರೆ ೧೮ ದಾಟಿದ ಮಗನೂ ಅಪರಾಧಿ, ಅವನು ಕಾಲೇಜು ಓದುತ್ತಿದ್ದರೂ. ಗುಡಿ, ಶಾಲೆ, ಆಸ್ಪತ್ರೆಯಿಂದ ೨೦೦ ಮೀಟರಿನೊಳಗೆ ಕೂಡದು. ಆ ಪಟ್ಟಿಯಲ್ಲಿ ಹಾಸ್ಟೆಲೂ ಇದೆ! ಗುಡಿಯಲ್ಲಿ ಮುತ್ತು ಕಟ್ಟಿಸಿಕೊಂಡ ನಮ್ಮ ಅಕ್ಕ ಅದೇ ಗುಡಿಯ ಹತ್ತಿರ ಅಪರಾಧಿ. (ಮುತ್ತು ಕಟ್ಟುವುದನ್ನು ಕರ್ನಾಟಕ ನಿಷೇಧಿಸಿದ್ದು ೧೯೮೨ರ ಕಾಯಿದೆಯಲ್ಲಿ.)

ಈಗ ಲೆಕ್ಕ ಹಾಕ್ರಿ. ತಾನೇ ಕರೆಯುವಂತಿಲ್ಲ, ದಲ್ಲಾಳಿ ಬೇಕು. ಮನೆ ಸಿಗೋದಿಲ್ಲ, ಘರವಾಲಿ ಬೇಕು. ಪೊಲೀಸರಿಗೆ ಮಾಮೂಲಿ ಬೇಕು. ದಂಡಕ್ಕೆ ಸಾಲ, ಸಾಲ ತೀರಿಸಲು ಇನ್ನೂ ನಾಲ್ಕು ಗಿರಾಕಿ. ಗಿರಾಕಿ ದುಡ್ಡು ಕೊಡದೆ ಹೋದರೆ ದೂರು ಕೊಡಲು ಯಾವ ಠಾಣೆಗೆ ಹೋಗಬೇಕು? ಕಾಯಿದೆಯ ಒಂದೊಂದು ಕಲಮೂ ಅವಳ ಕೂಲಿಗೆ ಒಬ್ಬ ಪಾಲುದಾರನನ್ನು ತಂದು ಕೂರಿಸಿದೆ.

೨೦೨೨ರಲ್ಲಿ ಸುಪ್ರೀಂ ಕೋರ್ಟು, ಇವರನ್ನು ಘನತೆಯಿಂದ ಕಾಣಿರಿ ಎಂದು ಪೊಲೀಸರಿಗೆ ಹೇಳಿತು. ಕಲಮುಗಳು ಹಾಗೇ ಇವೆ. ‘ಅಡ್ಡೆ ಎತ್ತಿಸಿ’ ಎಂಬ ಮೆರವಣಿಗೆಗೆ ನಮ್ಮನ್ನು ಯಾರಾದರೂ ಕರೆದರೆ, ಮೊದಲು ಅವಳನ್ನು ಕೇಳೋಣ: ಗಿರಾಕಿ ಕೊಟ್ಟದ್ದರಲ್ಲಿ ನಿನ್ನ ಕೈಗೆ ಎಷ್ಟು ಬಂತು ಅಕ್ಕಾ?