ಜೇಕಿನ ಬಗ್ಗೆ ನಾಲ್ಕು ಮಾತು
(ಬೆಳ್ಳಿಹಬ್ಬದ ರೈತಗೋಷ್ಠಿಯಲ್ಲಿ ಮಾಡಿದ ಭಾಷಣ)



ಸಾಲ, ಷೇರು, ಲಾಭಾಂಶದ ವಿಚಾರ ಹೇಳೋರು ಬೇರೆ ಇದ್ದಾರೆ. ನಾನು ಎಸ್ಸೆಸ್ಸೆಲ್ಸಿ ಓದಿದ ಬೇಸಾಯಗಾರ. ನನ್ನ ಹೊಲ ಕೆಡಿಸಿದ ಜೇಕಿನ ವಿಚಾರವನ್ನೇ ತಮ್ಮ ಮುಂದೆ ಇಡುತ್ತೇನೆ.

ಜೇಕನ್ನು ನಾವು ಹುಲ್ಲು ಅಂತೀವಿ. ಅದು ಹುಲ್ಲಿನ ಜಾತಿಯಲ್ಲ. ಹೂ ಬಿಟ್ಟ ದಂಟನ್ನು ಬೆರಳಲ್ಲಿ ಹೊರಳಿಸಿ ನೋಡಿ, ಮೂರು ಮೂಲೆ ಕೈಗೆ ಸಿಗುತ್ತವೆ. ಗರಿಕೆಗೆ ಗಿಣ್ಣು ಉಂಟು, ಜೇಕಿನ ದಂಟಿಗೆ ಗಿಣ್ಣೇ ಇಲ್ಲ. ತೆನೆ ಕಂದುಗೆಂಪು. ಇನ್ನೂ ಅನುಮಾನವಿದ್ದರೆ ಬುಡ ಅಗೆದು ಗೆಡ್ಡೆ ಮೂಸಿ. ಗ್ರಂಧಿಗೆ ಅಂಗಡಿಯ ವಾಸನೆ ಬರುತ್ತೆ. ಬರಬೇಕಾದ್ದೇ, ಅಲ್ಲಿ ಭದ್ರಮುಷ್ಟಿ ಅಂತ ದುಡ್ಡು ಕೊಟ್ಟು ತರೋದು ಇದನ್ನೇ! ನಮ್ಮಜ್ಜಿ ಬೇಧಿಗೆ ಇದರ ಕಷಾಯ ಕಾಸುತ್ತಿದ್ದರು.

ಗೆಡ್ಡೆ ಒಂಟಿಯಾಗಿರಲ್ಲ. ದಾರಕ್ಕೆ ಪೋಣಿಸಿದ ಮಣಿ ಹಾಗೆ ಒಂದರ ಹಿಂದೆ ಒಂದು. ಸರ ಪೂರ್ತಿ ಇದ್ದರೆ ಒಂದೆರಡು ಮೊಳೆತು ಮಿಕ್ಕವು ಸುಮ್ಮನಿರುತ್ತವೆ. ದಾರ ತುಂಡಾಯಿತೋ, ಒಂದೊಂದೂ ಗಿಡವಾಗಿ ಏಳುತ್ತದೆ. ಇದು ನನಗೆ ಗೊತ್ತಿರಲಿಲ್ಲ. 2017ರ ಮುಂಗಾರಿನಲ್ಲಿ ಸಂಘದ ರೋಟವೇಟರ್ ಬಾಡಿಗೆಗೆ ತಂದು ಜೇಕಿನ ಮೇಲೇ ಎರಡು ಸಾಲು ಹೊಡೆಸಿದೆ. ಮಣ್ಣು ಹುಡಿಯಾಯಿತು, ಹೊಲ ನುಣ್ಣಗೆ ಕಂಡಿತು. ಹದಿನೈದು ದಿನಕ್ಕೆ ಜೇಕಿನ ಚಾಪೆ ಹಾಸಿದಂತಾಯಿತು.

ನನ್ನ ಹೊಲ ಹೋದದ್ದು ಹೋಗಲಿ. ಅಲಗು ತೊಳೆಯದೆ ಅದೇ ರೋಟವೇಟರನ್ನು ಪಕ್ಕದ ಹೊಲಕ್ಕೆ ಕಳಿಸಿದೆ. ಅವರು ಈರುಳ್ಳಿ ಹಾಕಿದ್ದರು. ಕಳೆ ಕೀಳುವ ಕೂಲಿಗೇ ಬೆಳೆಯ ದುಡ್ಡು ಹೋಯಿತು. ಒಂದಿನ ಬದುವಿನ ಮೇಲೆ ನಿಲ್ಲಿಸಿ, “ಏನಪ್ಪಾ ಡೈರೆಕ್ಟ್ರೇ, ಸಂಘದಿಂದ ಬಿಟ್ಟಿ ಬಿತ್ತನೆ ಕೊಟ್ಟ್ಯಲ್ಲ” ಅಂದರು. ನಾನು ತಲೆ ತಗ್ಗಿಸಿದೆ.

ಆಮೇಲೆ ಮಾಡಿದ್ದು ಹೇಳುತ್ತೇನೆ. ಏಪ್ರಿಲ್, ಮೇ ಬಿಸಿಲಲ್ಲಿ ಒಣ ಮಣ್ಣನ್ನು ನೇಗಿಲಲ್ಲಿ ಹೆಂಟೆ ಏಳುವಂತೆ ಉತ್ತು ಗೆಡ್ಡೆ ಮೇಲೆ ಹಾಕಿದೆ. ಗೆಡ್ಡೆ ಪೂರ್ತಿ ಒಣಗಿದರೆ ಸಾಯುತ್ತೆ. ಆದರೆ ನಡುವೆ ಮಳೆ ಬಿದ್ದರೆ ದುಡಿಮೆ ದಂಡ. ನನಗೆ ಒಂದು ವರ್ಷ ಹಾಗೇ ಆಯಿತು. ಮಳೆಗಾಲದಲ್ಲಿ ಅಪ್ಸೆಣಬು ದಟ್ಟವಾಗಿ ಚೆಲ್ಲಿದೆ. ಜೇಕಿಗೆ ನೆರಳು ಆಗದು. ಎದ್ದದ್ದನ್ನು ಹೊಸ ಗೆಡ್ಡೆ ಕಟ್ಟುವ ಮುಂಚೆ ಮನೆಯವರೂ ನಾನೂ ಗೆಡ್ಡೆ ಸಮೇತ ಅಗೆದೆವು. ಪ್ಲಾಸ್ಟಿಕ್ ಹೊದಿಕೆ ನಂಬಬೇಡಿ, ಸೂಜಿಯಂಥ ಮೊಳಕೆ ತೂತು ಮಾಡಿಕೊಂಡು ಬರುತ್ತೆ. ಮೂರು ವರ್ಷ ಹಿಡಿಯಿತು. ಬದುವಿನ ಪಕ್ಕ ಇನ್ನೂ ಇದೆ, ಸುಳ್ಳು ಹೇಳಲ್ಲ.

ಬಾಡಿಗೆ ರಶೀದಿ ಬರೆಯುವ ಮುಂಚೆ ರೋಟವೇಟರ್ ಅಲಗು ತೊಳೆದಿದೆಯೇ ನೋಡಬೇಕು ಅಂತ ಆಡಳಿತ ಮಂಡಳಿಯಲ್ಲಿ ಕೇಳಿದ್ದೇನೆ. ಗೋದಾಮಿನ ಹಿಂದೆ ನೀರಿನ ತೊಟ್ಟಿ ಇದೆ, ಅರ್ಧ ಗಂಟೆಯ ಕೆಲಸ. ಮುಂದಿನ ಮಹಾಸಭೆಯಲ್ಲಿ ಈ ವಿಷಯ ಬಂದಾಗ ತಾವೆಲ್ಲ ಕೈ ಎತ್ತಬೇಕು.