ಕಡಿಮೆ ಬಂದ ಅಂಕವನ್ನು ಓದಿಕೊಳ್ಳುವುದು

(ಸಂಘದ ವಾರ್ಷಿಕ ಸಮಾರಂಭದ ವಿದ್ಯಾರ್ಥಿ ಗೋಷ್ಠಿಯಲ್ಲಿ ಮಾಡಿದ ಭಾಷಣದ ಬರಹರೂಪ)



ನಾನು ಪ್ರೌಢಶಾಲೆಯಲ್ಲಿ ಉರ್ದು ಮತ್ತು ಕನ್ನಡ ಕಲಿಸುವ ಶಿಕ್ಷಕಿ. ಎಂಬಿಎ ಓದಿದವಳಲ್ಲ. ಹಾಗಿದ್ದೂ ಎಂಬಿಎ ಪ್ರವೇಶ ಪರೀಕ್ಷೆಯಲ್ಲಿ ಅಂಕ ಕಡಿಮೆ ಬಂದವರಿಗೆ ನಾಲ್ಕು ಮಾತು ಹೇಳಿ ಎಂದು ಸಂಘದವರು ನನ್ನನ್ನು ಕರೆದದ್ದು ನನ್ನ ತಮ್ಮನ ಕಾರಣದಿಂದ. ಅವನು ಬಿ.ಕಾಂ. ಮುಗಿಸಿ ಎರಡು ಸಲ ಕ್ಯಾಟ್ ಬರೆದ. ಮೊದಲ ಸಲ ಸೋತದ್ದು ಏಕೆ ಎಂದು ನಾವಿಬ್ಬರೂ ಕುಳಿತು ಹುಡುಕಿದೆವು. ಆ ಹುಡುಕಾಟದ ಕಥೆಯನ್ನೇ ನಿಮಗೆ ಹೇಳುತ್ತೇನೆ. ತಮ್ಮನ ಒಪ್ಪಿಗೆ ಪಡೆದೇ ಹೇಳುತ್ತಿದ್ದೇನೆ. "ಹೇಳಿ ಆಪಾ, ಆದರೆ ಅತ್ತದ್ದು ಮಾತ್ರ ಹೇಳಬೇಡಿ" ಎಂದಿದ್ದಾನೆ. ಅದನ್ನು ಹೇಳುವುದಿಲ್ಲ.

ಕ್ಯಾಟ್ ಎಂದರೆ ಕಾಮನ್ ಅಡ್ಮಿಷನ್ ಟೆಸ್ಟ್. ಐಐಎಂಗಳು ನಡೆಸುವ ಪರೀಕ್ಷೆ. ಬೆಂಗಳೂರಿನ ಬನ್ನೇರುಘಟ್ಟ ರಸ್ತೆಯಲ್ಲಿರುವ ಐಐಎಂ ಇರಲಿ, ದೇಶದ ಬೇರೆ ಐಐಎಂಗಳಿರಲಿ, ಬೇರೆ ಅನೇಕ ಎಂಬಿಎ ಕಾಲೇಜುಗಳಿರಲಿ, ಇದರ ಅಂಕವನ್ನು ನೋಡುತ್ತವೆ. ವರ್ಷಕ್ಕೆ ಒಂದೇ ಸಲ, ನವೆಂಬರ್‌ನಲ್ಲಿ ನಡೆಯುತ್ತದೆ. ಮೂರು ಭಾಗ: ಮೊದಲು ಇಂಗ್ಲಿಷ್ ಓದು, ನಂತರ ಅಂಕಿಅಂಶ ಮತ್ತು ತರ್ಕ, ಕೊನೆಗೆ ಗಣಿತ. ಒಂದೊಂದಕ್ಕೆ 40 ನಿಮಿಷ. ಒಂದು ಭಾಗ ಮುಗಿದ ಮೇಲೆ ಹಿಂದಿನದಕ್ಕೆ ಹೋಗುವಂತಿಲ್ಲ. ಸರಿಯುತ್ತರಕ್ಕೆ 3 ಅಂಕ, ಆಯ್ಕೆಯ ಪ್ರಶ್ನೆಯಲ್ಲಿ ತಪ್ಪಾದರೆ 1 ಅಂಕ ಕಡಿತ. ಉತ್ತರವನ್ನು ನಾವೇ ಟೈಪ್ ಮಾಡುವ ಪ್ರಶ್ನೆಗಳಿಗೆ ಕಡಿತವಿಲ್ಲ. ಫಲಿತಾಂಶ ಪರ್ಸೆಂಟೈಲ್‌ನಲ್ಲಿ ಬರುತ್ತದೆ. 60 ಪರ್ಸೆಂಟೈಲ್ ಎಂದರೆ ನೂರಕ್ಕೆ ಅರವತ್ತು ಅಂಕವಲ್ಲ, ಬರೆದವರಲ್ಲಿ ನೂರಕ್ಕೆ ಅರವತ್ತು ಜನರಿಗಿಂತ ಮುಂದೆ ಇದ್ದೀರಿ ಎಂದು. 2024ರಲ್ಲಿ ಸುಮಾರು 2.93 ಲಕ್ಷ ಜನ ಬರೆದರು. ಈಗ ನೀವೇ ಲೆಕ್ಕ ಹಾಕಿಕೊಳ್ಳಿ.

ತಮ್ಮನಿಗೆ 2023ರಲ್ಲಿ ಬಂದದ್ದು 61. ಒಂದು ವರ್ಷ ಕೋಚಿಂಗ್ ಆಗಿತ್ತು, ಅದರ ಫೀಸಿಗೆ ಅಮ್ಮಿ ತನ್ನ ಬಳೆ ಅಡವಿಟ್ಟಿದ್ದರು. ಅಬ್ಬಾ ಟೈಲರ್. ಫಲಿತಾಂಶದ ದಿನ ಹೊಲಿಗೆ ಮಷೀನಿನಿಂದ ತಲೆ ಎತ್ತದೆ, "ಇನ್ನೊಂದು ವರ್ಷ ಕೊಟ್ಟರೆ ಏನು ಬದಲಾಗುತ್ತದೆ? ಅದೊಂದು ಹೇಳು, ಆಮೇಲೆ ಕೊಡೋಣ" ಎಂದರು. ಎಷ್ಟು ನ್ಯಾಯವಾದ ಪ್ರಶ್ನೆ ನೋಡಿ! ತಮ್ಮನ ಬಳಿ ಇದ್ದ ಉತ್ತರ ಒಂದೇ: "ಇನ್ನೂ ಜಾಸ್ತಿ ಓದುತ್ತೇನೆ." ಅಂಕ ಕಡಿಮೆ ಬಂದ ನಮ್ಮ ಮಕ್ಕಳೆಲ್ಲ ಹೇಳುವ ಉತ್ತರವೇ ಇದು. ಹಿಂದಿನ ವರ್ಷ ಅವನು ಮೂವತ್ತಕ್ಕೂ ಹೆಚ್ಚು ಮಾಕ್ ಟೆಸ್ಟ್ ಬರೆದಿದ್ದ. ಒಂದನ್ನೂ ತಿರುಗಿ ನೋಡಿರಲಿಲ್ಲ. ಅಂಕ ನೋಡುವುದು, ಬೇಸರಪಡುವುದು, ಮುಂದಿನದನ್ನು ಬರೆಯುವುದು, ಇಷ್ಟೇ.

ಪರೀಕ್ಷೆಯ ಕೆಲವು ದಿನಗಳ ನಂತರ ಕ್ಯಾಟ್‌ನವರು ಪ್ರತಿಯೊಬ್ಬರ ರೆಸ್ಪಾನ್ಸ್ ಶೀಟ್ ಮತ್ತು ಸರಿಯುತ್ತರಗಳನ್ನು ಲಾಗಿನ್‌ನಲ್ಲಿ ಕೊಡುತ್ತಾರೆ. ನೀವು ಯಾವ ಪ್ರಶ್ನೆಗೆ ಏನು ಉತ್ತರ ಕೊಟ್ಟಿರಿ ಎಂಬುದೆಲ್ಲ ಅದರಲ್ಲಿ ಇರುತ್ತದೆ. ಆಗಲೇ ಇಳಿಸಿಕೊಂಡು ಇಟ್ಟುಕೊಳ್ಳಿ. ತಮ್ಮ ಇಳಿಸಿಕೊಂಡಿದ್ದ, ನೋಡಲು ಮಾತ್ರ ಧೈರ್ಯವಿರಲಿಲ್ಲ. ಒಂದು ಭಾನುವಾರ ಅದರ ಪ್ರಿಂಟ್ ತೆಗೆಸಿ, ಕೆಂಪು ಪೆನ್ನು ಹಿಡಿದು ಕುಳಿತೆವು. ಉತ್ತರಪತ್ರಿಕೆ ತಿದ್ದುವುದು ನನಗೆ ಗೊತ್ತಿರುವ ಕೆಲಸ.

ಇಂಗ್ಲಿಷ್ ಭಾಗದಲ್ಲಿ 24 ಪ್ರಶ್ನೆ. 22ಕ್ಕೆ ಉತ್ತರ ಕೊಟ್ಟಿದ್ದ. ಸರಿ 8, ತಪ್ಪು 14. ತಪ್ಪುಗಳಲ್ಲಿ 3 ಟೈಪ್ ಮಾಡುವ ಪ್ರಶ್ನೆಗಳು, ಉಳಿದ 11ಕ್ಕೆ ಕಡಿತ. ಅಂದರೆ 24ರಲ್ಲಿ 11 ಹೋಗಿ 13 ಅಂಕ. ಇಲ್ಲಿಯವರೆಗೆ ಎಲ್ಲರೂ ನೋಡುತ್ತಾರೆ. ನಾವು ಪ್ರತಿ ತಪ್ಪಿನ ಪಕ್ಕದಲ್ಲಿ ಕಾರಣ ಬರೆದೆವು. ಗೊತ್ತಿರಲಿಲ್ಲವೆ, ಗೊತ್ತಿದ್ದೂ ಅವಸರವೆ, ಪ್ರಶ್ನೆಯನ್ನೇ ತಪ್ಪು ಓದಿದ್ದೆ, ಸುಮ್ಮನೆ ಊಹೆಯೆ? ಬರೆಯುತ್ತಾ ಹೋದಂತೆ ಒಂದು ಸಂಗತಿ ಕಂಡಿತು. ಈ ಭಾಗದಲ್ಲಿ ನಾಲ್ಕು ದೀರ್ಘ ಗದ್ಯಭಾಗಗಳು, ಒಂದೊಂದಕ್ಕೆ ನಾಲ್ಕು ಪ್ರಶ್ನೆಗಳು ಇದ್ದವು. ಕೊನೆಯ ಎರಡು ಗದ್ಯಭಾಗಗಳನ್ನು ಅವನು ಕೊನೆಯ ಒಂಬತ್ತು-ಹತ್ತು ನಿಮಿಷದಲ್ಲಿ ಮೇಲೆಮೇಲೆ ನೋಡಿ, ಎಂಟೂ ಪ್ರಶ್ನೆಗಳಿಗೆ ಉತ್ತರ ಒತ್ತಿದ್ದ. ಎಂಟರಲ್ಲಿ ಸರಿಯಾದದ್ದು ಒಂದು, ತಪ್ಪಾದದ್ದು ಏಳು. ಮೂರು ಬಂತು, ಏಳು ಹೋಯಿತು. ಆ ಎಂಟನ್ನೂ ಮುಟ್ಟದೆ ಕೈಕಟ್ಟಿ ಕುಳಿತಿದ್ದರೆ 13ರ ಬದಲು 17 ಬರುತ್ತಿತ್ತು. ತಮ್ಮ ಎರಡೆರಡು ಸಲ ಕೂಡಿಸಿ ನೋಡಿದ. ಒಂಬತ್ತು ನಿಮಿಷ ಕಷ್ಟಪಟ್ಟು ನಾಲ್ಕು ಅಂಕ ಕಳೆದುಕೊಂಡಿದ್ದ!

"ಆಪಾ, ನನ್ನ ಇಂಗ್ಲಿಷ್ ವೀಕು. ಉರ್ದು ಮೀಡಿಯಂ ಅಲ್ಲವಾ, ಅದಕ್ಕೇ" ಎಂದ. ಈ ಮಾತನ್ನು ನಾನು ಅನೇಕ ಮಕ್ಕಳ ಬಾಯಲ್ಲಿ ಕೇಳಿದ್ದೇನೆ. ನಿಜ ಇರಬಹುದು ಎಂದುಕೊಂಡೆ. ಆದರೂ ಪರೀಕ್ಷಿಸಬೇಕು ಅನ್ನಿಸಿ ಅಂದಿನ ಕನ್ನಡ ಪತ್ರಿಕೆಯ ಸಂಪಾದಕೀಯ ಕೊಟ್ಟು ಓದು ಎಂದೆ. ಓದಿದ. "ಲೇಖಕರು ಯಾವುದನ್ನು ಒಪ್ಪುವುದಿಲ್ಲ? ಒಂದು ವಾಕ್ಯದಲ್ಲಿ ಹೇಳು" ಎಂದೆ. ಅವನು ಎರಡನೆಯ ಪ್ಯಾರಾದ ವಾಕ್ಯವನ್ನು ಹಾಗೆಯೇ ಓದಿ ಹೇಳಿದ. "ಅದು ಅವರು ಹೇಳಿದ ಮಾತು, ಅವರ ನಿಲುವು ಏನು?" ಮತ್ತೊಂದು ವಾಕ್ಯ ಓದಿದ. ಉರ್ದುವಿನಲ್ಲಿ ಒಂದು ಲೇಖನ ಕೊಟ್ಟೆ. ಅಲ್ಲಿಯೂ ಅದೇ.

ಆ ದಿನ ನನಗೆ ಆದ ನೋವು ತಮ್ಮನಿಗೆ ಆಗಿರಲಿಕ್ಕಿಲ್ಲ. ಏಕೆಂದರೆ ಅವನು ಎಂಟರಿಂದ ಹತ್ತರವರೆಗೆ ಕನ್ನಡ ಕಲಿತದ್ದು ನನ್ನ ಹತ್ತಿರವೇ, ಮನೆಯ ಪಡಸಾಲೆಯಲ್ಲಿ. ಪಾಠದಲ್ಲಿ ಉತ್ತರ ಎಲ್ಲಿದೆ ಎಂದು ಹುಡುಕಿ, ಆ ಸಾಲಿಗೆ ಗೆರೆ ಎಳೆದು, ಬರೆದುಕೊಳ್ಳುವುದನ್ನು ಕಲಿಸಿದವಳು ನಾನು. ಎಸ್ಎಸ್ಎಲ್‌ಸಿಯಲ್ಲಿ ಅದರಿಂದ ಅಂಕ ಬಂತು. ಆದರೆ ಕ್ಯಾಟ್‌ನ ಪ್ರಶ್ನೆಗಳಿಗೆ ಉತ್ತರ ಯಾವ ಸಾಲಿನಲ್ಲೂ ಇರುವುದಿಲ್ಲ. ಲೇಖಕ ಏನನ್ನು ಸಾಧಿಸಲು ಹೊರಟಿದ್ದಾನೆ, ಈ ಉದಾಹರಣೆ ಏಕೆ ಕೊಟ್ಟ, ಯಾವ ಮಾತು ಅವನ ವಾದವನ್ನು ದುರ್ಬಲಗೊಳಿಸುತ್ತದೆ, ಹೀಗೆ ಕೇಳುತ್ತಾರೆ. ನಾಲ್ಕು ಆಯ್ಕೆಗಳಲ್ಲಿ ಒಂದು ಗದ್ಯಭಾಗದ ಪದಗಳನ್ನೇ ಹೊತ್ತುಕೊಂಡು ನಿಂತಿರುತ್ತದೆ. ಸಾಲು ಹುಡುಕಿ ಅಭ್ಯಾಸವಿರುವ ಮಗು ಅದಕ್ಕೇ ಬೀಳುತ್ತದೆ. ತಮ್ಮನ ತಪ್ಪುಗಳಲ್ಲಿ ಅಂಥವು ಮೂರು ಇದ್ದವು.

ಇಲ್ಲಿರುವ ಶಿಕ್ಷಕ ಮಿತ್ರರು ಬೇಸರಿಸಬಾರದು, ನಾನು ನನ್ನ ಬಗ್ಗೆಯೇ ಹೇಳಿಕೊಳ್ಳುತ್ತಿದ್ದೇನೆ.

ಹಾಗಾಗಿ ಎರಡನೆಯ ವರ್ಷದ ಓದು ಇಂಗ್ಲಿಷಿನಿಂದ ಶುರುವಾಗಲಿಲ್ಲ. ಮೊದಲ ಎರಡು ತಿಂಗಳು ಬೆಳಿಗ್ಗೆ ಒಂದು ಕನ್ನಡ ಅಥವಾ ಉರ್ದು ಲೇಖನ. ಓದಿ ಮುಗಿಸಿ, ಕಾಗದ ಮಗುಚಿಟ್ಟು, ಮೂರು ವಾಕ್ಯ ಬರೆಯಬೇಕು: ಇವರು ಏನು ಹೇಳುತ್ತಾರೆ, ಯಾರ ಮಾತಿಗೆ ಎದುರಾಗಿ ಹೇಳುತ್ತಾರೆ, ಯಾವ ಆಧಾರದಿಂದ ಹೇಳುತ್ತಾರೆ. ಗೊತ್ತಿರುವ ಭಾಷೆಯಲ್ಲಿ ಈ ಅಭ್ಯಾಸವಾದ ಮೇಲೆ ಇಂಗ್ಲಿಷ್ ಪತ್ರಿಕೆಯ ಅಭಿಪ್ರಾಯ ಪುಟಕ್ಕೆ ಬಂದೆವು. ಇಂಗ್ಲಿಷ್ ಲೇಖನದ ಮೂರು ವಾಕ್ಯಗಳನ್ನೂ ಮೊದಮೊದಲು ಉರ್ದುವಿನಲ್ಲೇ ಬರೆಯುತ್ತಿದ್ದ. ನಾನು ಬೇಡ ಎನ್ನಲಿಲ್ಲ. ಅರ್ಥವಾಗಿದೆಯೋ ಇಲ್ಲವೋ ಎಂಬುದು ಮುಖ್ಯ, ಯಾವ ಲಿಪಿಯಲ್ಲಿ ಎಂಬುದಲ್ಲ. ಇಂಗ್ಲಿಷ್ ಪದಗಳ ಪಟ್ಟಿ ಉರುಹೊಡೆಯುವುದನ್ನು ಪೂರ್ತಿ ಬಿಡಿಸಿದೆ. ಇದನ್ನು ಒಪ್ಪದವರೂ ಇದ್ದಾರೆ, ಇರಲಿ.

ಪರೀಕ್ಷೆಗೆ ನಾಲ್ಕು ಗದ್ಯಭಾಗಗಳಲ್ಲಿ ಮೂರನ್ನು ಮಾತ್ರ ಓದುವುದು ಎಂದು ನಿರ್ಧರಿಸಿದೆವು. ಅವನ ವೇಗಕ್ಕೆ ಮೂರೇ ಸರಿ. ನಾಲ್ಕನ್ನೂ ಓದಬಲ್ಲವರು ಓದಲಿ, ಆದರೆ ತಮ್ಮ ವೇಗ ಎಷ್ಟು ಎಂದು ಗಡಿಯಾರ ಇಟ್ಟು ನೋಡಿಕೊಂಡ ಮೇಲೆ.

ಉಳಿದ ಎರಡು ಭಾಗಗಳ ಬಗ್ಗೆ ನನಗೆ ಅಧಿಕಾರದಿಂದ ಮಾತಾಡಲು ಬರುವುದಿಲ್ಲ, ಅವನು ಮಾಡಿದ್ದನ್ನು ಹೇಳುತ್ತೇನೆ. ತರ್ಕದ ಭಾಗದಲ್ಲಿ ಪ್ರಶ್ನೆಗಳು ಸೆಟ್ ಸೆಟ್ ಆಗಿ ಬರುತ್ತವೆ. 2024ರಲ್ಲಿ ಐದು ಸೆಟ್, 22 ಪ್ರಶ್ನೆ. ಮೊದಲ ವರ್ಷ ಎದುರಿಗೆ ಬಂದ ಸೆಟ್ಟಿಗೇ ಅಂಟಿಕೊಂಡು ಇಪ್ಪತ್ತು ನಿಮಿಷ ಕಳೆದಿದ್ದ. ಎರಡನೆಯ ವರ್ಷ ಮೊದಲ ಐದಾರು ನಿಮಿಷ ಪೆನ್ನು ಹಿಡಿಯದೆ ಎಲ್ಲ ಸೆಟ್ಟುಗಳನ್ನೂ ಓದಿ, ಕೈಗೆ ಹತ್ತುವ ಎರಡನ್ನು ಆರಿಸಿಕೊಂಡ. ಗಣಿತದಲ್ಲಿ ದೊಡ್ಡ ದೊಡ್ಡ ಅಧ್ಯಾಯಗಳ ಹಿಂದೆ ಹೋಗಿದ್ದವನು, ಹೋದ ಅಂಕಗಳೆಲ್ಲ ಶೇಕಡಾ, ಅನುಪಾತ, ವೇಗ-ಕಾಲ-ದೂರ, ಸಮೀಕರಣಗಳಲ್ಲೇ ಹೋಗಿವೆ ಎಂದು ಶೀಟ್ ನೋಡಿ ತಿಳಿದ. ಎಂಟರಿಂದ ಹತ್ತನೆಯ ತರಗತಿಯ ಗಣಿತ ಪುಸ್ತಕ ತಂದು ಮೊದಲಿನಿಂದ ಮಾಡಿದ. ಡಿಗ್ರಿ ಮುಗಿಸಿದವನು ಎಂಟನೆಯ ಪುಸ್ತಕ ಹಿಡಿದದ್ದನ್ನು ನೋಡಿ ಓಣಿಯ ಹುಡುಗರು ನಕ್ಕರು. ಮೂರೂ ಭಾಗಗಳಲ್ಲಿ ಕನಿಷ್ಠ ಪರ್ಸೆಂಟೈಲ್ ಇರಬೇಕೆಂದು ಐಐಎಂಗಳು ಕೇಳುತ್ತವೆ, ಆದ್ದರಿಂದ ಒಂದರಲ್ಲಿ ಹುಲಿಯಾಗಿ ಇನ್ನೊಂದನ್ನು ಕೈಬಿಟ್ಟರೆ ನಡೆಯುವುದಿಲ್ಲ.

ಮಾಕ್ ಟೆಸ್ಟ್ ಮೂವತ್ತರಿಂದ ಹದಿನಾಲ್ಕಕ್ಕೆ ಇಳಿಯಿತು. ಒಂದು ಟೆಸ್ಟಿಗೆ ಎರಡು ಗಂಟೆ, ಅದನ್ನು ತಿದ್ದಲು ಎರಡು ದಿನ. ತಪ್ಪುಗಳಿಗೆ ಒಂದು ಇನ್ನೂರು ಪುಟದ ನೋಟ್‌ಬುಕ್. ಸರಿಯಾದ ಉತ್ತರಗಳನ್ನೂ ನೋಡುತ್ತಿದ್ದ, ಊಹೆಯಿಂದ ಸರಿಯಾದದ್ದು ಮುಂದಿನ ಸಲ ತಪ್ಪಾಗುತ್ತದಲ್ಲ. ಹಗಲಿನಲ್ಲಿ ಒಬ್ಬ ಆಡಿಟರ್ ಹತ್ತಿರ ಕೆಲಸಕ್ಕೂ ಹೋಗುತ್ತಿದ್ದ. ಅಬ್ಬಾ ಕೇಳಿದ್ದ ಪ್ರಶ್ನೆಗೆ ಉತ್ತರವಾಗಿ ರೆಸ್ಪಾನ್ಸ್ ಶೀಟಿನ ಲೆಕ್ಕವನ್ನೇ ಅವರ ಮುಂದೆ ಇಟ್ಟಿದ್ದೆವು. ಓದು ಬರಹ ಕಡಿಮೆಯಾದರೂ ಅವರು ಥಟ್ಟನೆ ಹಿಡಿದರು: "ಬಟ್ಟೆ ಅಳೆಯದೆ ಕತ್ತರಿ ಹಾಕಿದ್ದಾನೆ."

2024ರ ನವೆಂಬರ್‌ನಲ್ಲಿ ಮತ್ತೆ ಬರೆದ. ಇಂಗ್ಲಿಷ್ ಭಾಗದಲ್ಲಿ 22ರ ಬದಲು 15 ಪ್ರಶ್ನೆಗಳಿಗೆ ಮಾತ್ರ ಉತ್ತರ ಕೊಟ್ಟ, 10 ಸರಿಯಾದವು. ಒಟ್ಟು 88 ಪರ್ಸೆಂಟೈಲ್. 99 ಅಲ್ಲ, ಪತ್ರಿಕೆಯಲ್ಲಿ ಫೋಟೋ ಬರಲಿಲ್ಲ. ಆದರೆ 61 ಎಲ್ಲಿ, 88 ಎಲ್ಲಿ!

ಇನ್ನು ಕೆಲವು ವ್ಯವಹಾರದ ಮಾತು. ಮತ್ತೆ ಬರೆಯುವ ಮೊದಲು ನಿಮ್ಮ ಹಳೆಯ ಅಂಕಪಟ್ಟಿಗಳನ್ನೂ ತೆಗೆದು ನೋಡಿ. ಬೆಂಗಳೂರಿನ ಐಐಎಂ ಹತ್ತು, ಹನ್ನೆರಡು, ಪದವಿಯ ಅಂಕಗಳಿಗೂ ತೂಕ ಕೊಡುತ್ತದೆ. ಅವು ಕಡಿಮೆ ಇದ್ದರೆ ಕ್ಯಾಟ್ ಒಂದರಿಂದ ತುಂಬುವುದು ಕಷ್ಟ, ಬೇರೆ ಸಂಸ್ಥೆಗಳ ನಿಯಮ ಬೇರೆ ಇರುತ್ತದೆ. ವಿದೇಶಕ್ಕೆ ಹೋಗುವ ಯೋಚನೆ ಇರುವವರು ಬರೆಯುವ ಜಿಮ್ಯಾಟ್‌ನಲ್ಲಿ 16 ದಿನ ಬಿಟ್ಟು ಮತ್ತೆ ಬರೆಯಬಹುದು, ಅಂಕ ಐದು ವರ್ಷ ನಡೆಯುತ್ತದೆ. ಶುಲ್ಕ ಮಾತ್ರ ಬಹಳ ದುಬಾರಿ, 16 ದಿನದಲ್ಲಿ ಅಭ್ಯಾಸ ಬದಲಾಗುವುದೂ ಇಲ್ಲ.

ಕೊನೆಯದು ನಮ್ಮ ಮನೆಯಲ್ಲಿ ಆದ ತಪ್ಪು, ಪೋಷಕರು ದಯವಿಟ್ಟು ಗಮನಿಸಿ. ನಮ್ಮ ಕೈಯಲ್ಲಿದ್ದದ್ದು ರಾಜ್ಯದ 2ಬಿ ಪ್ರಮಾಣಪತ್ರ. ಐಐಎಂಗಳು ನೋಡುವುದು ಕೇಂದ್ರ ಸರ್ಕಾರದ ಒಬಿಸಿ ಪಟ್ಟಿಯನ್ನು. ಅಲ್ಲಿ 27 ಶೇಕಡಾ ಮೀಸಲಾತಿ ಇದೆ, ಅದಕ್ಕೆ ಕೇಂದ್ರದ ನಮೂನೆಯಲ್ಲಿ ಕೆನೆಪದರಕ್ಕೆ ಸೇರದ ಪ್ರಮಾಣಪತ್ರ ಬೇಕು. ರಾಜ್ಯದ ಮುಸ್ಲಿಮರಲ್ಲಿ ಅನೇಕ ಪಂಗಡಗಳು ಆ ಪಟ್ಟಿಯಲ್ಲಿವೆ, ಎಲ್ಲವೂ ಇಲ್ಲ, ನಿಮ್ಮದು ಇದೆಯೇ ಎಂದು ನೋಡಿಕೊಳ್ಳಿ. ನಮ್ಮದು ಇತ್ತು. ಅರ್ಜಿ ತುಂಬುವಾಗ ಪತ್ರ ಸಿದ್ಧವಿರಲಿಲ್ಲ, ಆಮೇಲೆ ಬದಲಾಯಿಸಬಹುದು ಎಂದುಕೊಂಡು ಸಾಮಾನ್ಯ ವರ್ಗದಲ್ಲಿ ತುಂಬಿದೆವು. ನೋಂದಣಿ ಮುಗಿದ ಮೇಲೆ ವರ್ಗ ಬದಲಾಯಿಸಲು ಬರುವುದಿಲ್ಲ. 88ಕ್ಕೆ ಸಾಮಾನ್ಯ ವರ್ಗದಲ್ಲಿ ಯಾವ ಐಐಎಂನಿಂದಲೂ ಕರೆ ಬರಲಿಲ್ಲ. ನೋಂದಣಿ ಆಗಸ್ಟ್‌ನಲ್ಲಿ ಶುರುವಾಗುತ್ತದೆ, ಜೂನ್‌ನಲ್ಲೇ ತಹಶೀಲ್ದಾರ್ ಕಚೇರಿಗೆ ಹೋಗಿ.

ತಮ್ಮ ಈಗ ಮೈಸೂರಿನಲ್ಲಿ ಎಂಬಿಎ ಓದುತ್ತಿದ್ದಾನೆ. ಅಮ್ಮಿಯ ಬಳೆ ಇನ್ನೂ ಬಿಡಿಸಿಲ್ಲ, ಮೊದಲ ಸಂಬಳದಲ್ಲಿ ಬಿಡಿಸುತ್ತೇನೆ ಎನ್ನುತ್ತಾನೆ. ಅವನ ತಪ್ಪುಗಳ ನೋಟ್‌ಬುಕ್ಕನ್ನು ಕೇಳಿ ತಂದಿದ್ದೇನೆ, ಊಟದ ನಂತರ ಹಿಂದಿನ ಕೋಣೆಯ ಮೇಜಿನ ಮೇಲೆ ಇಡುತ್ತೇನೆ. ರೆಸ್ಪಾನ್ಸ್ ಶೀಟ್ ಇರುವವರು ಅದನ್ನು ಹಿಡಿದು ಬನ್ನಿ, ಜೊತೆಗೆ ಒಂದು ಕೆಂಪು ಪೆನ್ನು. ಗಣಿತದ ಭಾಗಕ್ಕೆ ನಮ್ಮ ಶಾಲೆಯ ಗಣಿತದ ಸರ್ ಕೂಡ ಬಂದಿದ್ದಾರೆ.